ಚಿಕಿತ್ಸೆಯ ಮೂರನೆಯ ಪಾದ

ಚಿಕಿತ್ಸೆಗೆ ಪಾದಗಳು ನಾಲ್ಕೆಂದು ಚರಕಸಂಹಿತೆಯು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು: ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇವುಗಳಲ್ಲಿ ಅನುರಾಗವು ಬತ್ತದ ಚಿಲುಮೆಯೆಂದೇ ನಾನು ಬಹುಕಾಲ ಭಾವಿಸಿದ್ದೆನು.

ಹಿಂದೊಮ್ಮೆ ನನ್ನ ಗೃಹಿಣಿಯು ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, ನೀರು ಕೇಳಿದುದಕ್ಕೆ ದಾದಿಯೊಬ್ಬಳು ಗದರಿದಳು. ನಾನೂ ಉಪಾಧ್ಯಾಯರ ದನಿಯಲ್ಲಿ ಎರಡು ಬಿರುನುಡಿಗಳನ್ನಾಡಿದೆನು. ಆಕೆಯು ಹಿಂದಿನ ಸಂಜೆಯಿಂದ ಕುಳಿತೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಆ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶವು ನನಗೆ ದೊರೆಯಲಿಲ್ಲ.

ಇಂತಹ ಬಳಲಿಕೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಅಮೆರಿಕೆಯ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಎಂಬ ಮನಶ್ಶಾಸ್ತ್ರಜ್ಞೆಯರು ೧೯೮೧ರಲ್ಲಿ ಪ್ರಕಟಿಸಿದರು. ಮನಸ್ಸು ಬರಿದಾಗುವುದು, ಮನುಷ್ಯರನ್ನು ವಸ್ತುಗಳಂತೆ ಕಾಣುವುದು, ತನ್ನ ಕೆಲಸವು ನಿಷ್ಫಲವೆನಿಸುವುದು, ಇವೇ ಅದರ ಮೂರು ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಇದನ್ನು ರೋಗವೆಂದಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿಯೆಂದು ವರ್ಗೀಕರಿಸಿತು. ಆದುದರಿಂದ ಗದರಿಕೆಯ ಮೂಲವನ್ನು ಸ್ವಭಾವದಲ್ಲಿ ಹುಡುಕುವ ಮೊದಲು ಹೊರೆಯಲ್ಲಿ ಹುಡುಕುವುದು ನ್ಯಾಯ.

ನಮ್ಮ ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ಬಸುರಿ ಬಾಣಂತಿಯರ ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರೂ ಈ ಮೂರನೆಯ ಪಾದವೇ. ನಿಶ್ಚಿತ ಗೌರವಧನವನ್ನು ಕೇಳಿ ರಾಜ್ಯದ ಆಶಾ ಕಾರ್ಯಕರ್ತೆಯರು ೨೦೨೫ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕುಳಿತುದು ವಾಚಕರಿಗೆ ನೆನಪಿರಬಹುದು. ಅನುರಾಗವೊಂದರಿಂದಲೇ ಒಲೆ ಉರಿಯದು.

ಗೃಹಸ್ಥರು ಮಾಡಬಹುದಾದುದೂ ಉಂಟು. ಆಸ್ಪತ್ರೆಯಲ್ಲಿ ರೋಗಿಯ ಬಳಿ ಬಂಧುಗಳಿಬ್ಬರು ಸರದಿಯಿಂದ ಇರಲಿ. ನೀರು ಗಂಜಿಗಳನ್ನು, ದಾದಿಯನ್ನು ಕೇಳಿಕೊಂಡು, ತಾವೇ ಕೊಡಲಿ. ಆಕೆಯನ್ನು ಒಮ್ಮೆ, “ನಿಮ್ಮ ಊಟವಾಯಿತೇ?” ಎಂದೂ ಕೇಳಲಿ. ನಾನು ಅಂದು ಕೇಳಬೇಕಾಗಿದ್ದುದು ಅದೊಂದೇ.