ಸೋಲುವವನ ಲಿಮಿಟ್ ಯಾರ ಕೈಯಲ್ಲಿ?

ನಮ್ಮ ರೂಮಿನಲ್ಲಿ ಪೋಕರ್ ಶುರುವಾಗಿದ್ದು ಹುಣಸೆ ಬೀಜದಿಂದ. ಚೌಕಾಬಾರಾ ಆಡಲಿಕ್ಕೆ ಅಂತ ಒಬ್ಬ ಊರಿಂದ ಒಂದು ಡಬ್ಬಿ ಬೀಜ ತಂದಿದ್ದ. ಅವೇ ನಮ್ಮ ಚಿಪ್ಸ್ ಆದವು. ಸೋತವರು ಎಲ್ಲರಿಗೂ ಗಿರ್ಮಿಟ್, ಮಿರ್ಚಿ ಕೊಡಿಸಬೇಕು, ಅಷ್ಟೇ. ಆಮೇಲೆ ಒಂದು ಬೀಜಕ್ಕೆ ಒಂದು ರೂಪಾಯಿ ಅಂತಾಯಿತು. ಆಗಲೂ ಯಾರಿಗೂ ತೊಂದರೆ ಆಗಲಿಲ್ಲ, ಯಾಕಂದರೆ ನಾವು ಆಡುತ್ತಿದ್ದದ್ದು ಲಿಮಿಟ್ ಪೋಕರ್.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮದು 2-4 ಲಿಮಿಟ್. ಮೊದಲ ಎರಡು ಸುತ್ತಿನಲ್ಲಿ ಪಣ ಏರುವುದು ಎರಡೆರಡು ರೂಪಾಯಿ, ಕೊನೆಯ ಎರಡು ಸುತ್ತಿನಲ್ಲಿ ನಾಲ್ಕು ನಾಲ್ಕು. ಒಂದು ಸುತ್ತಿಗೆ ಒಂದು ಬೆಟ್, ಮೂರು ರೈಸ್, ಅದಕ್ಕಿಂತ ಹೆಚ್ಚಿಲ್ಲ. 8, 8, 16, 16 ಕೂಡಿಸಿ ನೋಡಿ. ಎಷ್ಟೇ ಹುಚ್ಚು ಹಿಡಿದು ಆಡಿದರೂ ಒಂದು ಕೈಯಲ್ಲಿ 48 ರೂಪಾಯಿಗಿಂತ ಹೆಚ್ಚು ಹೋಗುವ ಹಾಗೇ ಇಲ್ಲ.

ಥರ್ಡ್ ಸೆಮ್‌ನಲ್ಲಿ ಒಬ್ಬ ಅಂದ, "ಲಿಮಿಟ್ ಮುದುಕರ ಆಟ ಲೇ. ವಿಡಿಯೋದಾಗ ಯಾರರ ಆಡ್ತಾರೇನು? ನೋ-ಲಿಮಿಟ್ ಆಡೂಣು." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಅಕೌಂಟೆಂಟ್ ಆನ್‌ಲೈನ್‌ನಲ್ಲಿ ಅರ್ಹತೆ ಪಡೆದು ವರ್ಲ್ಡ್ ಸೀರೀಸ್ ಆಫ್ ಪೋಕರ್ ಗೆದ್ದು 25 ಲಕ್ಷ ಡಾಲರ್ ಒಯ್ದ. ಆವತ್ತಿನಿಂದ ಪೋಕರ್ ಅಂದರೆ ನೋ-ಲಿಮಿಟ್ ಅಂತಲೇ ಆಗಿದೆ. ನಾವೂ ಬದಲಾಯಿಸಿದೆವು. ಎರಡು ವಾರದಲ್ಲಿ ನಮ್ಮಲ್ಲೊಬ್ಬ 3,400 ರೂಪಾಯಿ ಕಳೆದುಕೊಂಡ. ಅದರಲ್ಲಿ ಅವನ ಎಕ್ಸಾಮ್ ಫೀ ಇತ್ತು. ಮನೆಗೆ ಫೋನ್ ಮಾಡಿ, ಪುಸ್ತಕ ತಗೋಬೇಕು ಅಂತ ಸುಳ್ಳು ಹೇಳಿ ಮತ್ತೆ ದುಡ್ಡು ತರಿಸಿದ. ಆ ಫೋನ್ ಅವನು ಮಾಡಿದ್ದು ನಮ್ಮ ಎದುರಿಗೇ.

ಅವನು ದಡ್ಡನಲ್ಲ. ಲಿಮಿಟ್‌ನಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನೇ ಅವನು. ಮತ್ತೆ ಎಲ್ಲಿ ತಪ್ಪಿತು?

ಒಂದು ಉದಾಹರಣೆ ತಗೊಳ್ಳಿ. ನಿಮ್ಮ ಹತ್ತಿರ ನಾಲ್ಕು ಆಟೀನ್ ಕೂಡಿವೆ, ಇನ್ನೊಂದು ಬಂದರೆ ಫ್ಲಶ್. ಬರಬೇಕಾದದ್ದು ಕೊನೆಯ ಎಲೆ ಮಾತ್ರ. ನೀವು ನೋಡದ 46 ಎಲೆಗಳಲ್ಲಿ 9 ಆಟೀನ್ ಇವೆ, ಅಂದರೆ ಸುಮಾರು 20% ಸಂಭವ. ಪಾಟ್‌ನಲ್ಲಿ 20 ರೂಪಾಯಿ ಇದೆ. ಲಿಮಿಟ್‌ನಲ್ಲಿ ಎದುರಿನವನು ಕಟ್ಟಲು ಆಗುವುದು 4 ರೂಪಾಯಿ ಮಾತ್ರ. ನೀವು 4 ಹಾಕಿದರೆ 24 ಗೆಲ್ಲಬಹುದು. ಇದು ಲಾಭವಾಗಲು 14% ಸಂಭವ ಸಾಕು. ಕಾಲ್ ಮಾಡುವುದೇ ಸರಿ. ನೋ-ಲಿಮಿಟ್‌ನಲ್ಲಿ ಅವನು ಪೂರ್ತಿ 20 ಕಟ್ಟುತ್ತಾನೆ. ಈಗ 20 ಹಾಕಿ 40 ಗೆಲ್ಲಬೇಕು, ಅದಕ್ಕೆ 33% ಬೇಕು. ಎಲೆ ಅವೇ, ಪಾಟ್ ಅದೇ, ಆದರೆ ಕಾಲ್ ತಪ್ಪು. ಲಿಮಿಟ್‌ನಲ್ಲಿ "ನೋಡೇ ಬಿಡೂಣು" ಅನ್ನುವುದು ಒಳ್ಳೇ ಅಭ್ಯಾಸ. ನೋ-ಲಿಮಿಟ್‌ನಲ್ಲಿ ಅದೇ ಅಭ್ಯಾಸ ಜೇಬು ಕತ್ತರಿಸುತ್ತದೆ. ನಮ್ಮ ಗೆಳೆಯ ನೋಡ್ತಾನೇ ಇದ್ದ.

ಎರಡನೇದು, ಸೋಲಿನ ಸಾಲು. ನಾಣ್ಯವನ್ನು 100 ಸಲ ಚಿಮ್ಮಿಸಿ, ಟೇಲ್ ಬಂದರೆ ಸೋಲು ಅಂದುಕೊಳ್ಳಿ. ಎಲ್ಲಾದರೂ ಒಂದು ಕಡೆ ಸಾಲಾಗಿ ಐದು ಟೇಲ್ ಬರುವ ಸಂಭವ ಸುಮಾರು 81%. ನಂಬಿಕೆ ಬರದಿದ್ದರೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ನೋಡಿ. ಅಂದರೆ ಸತತ ಐದು ಸೋಲು ಶನಿಕಾಟವೂ ಅಲ್ಲ, ಮೋಸವೂ ಅಲ್ಲ, ಬಂದೇ ಬರುವ ಸಂಗತಿ. ಲಿಮಿಟ್‌ನಲ್ಲಿ ಅದು ಬಂದು ಹೋಗುತ್ತದೆ. ನೋ-ಲಿಮಿಟ್‌ನಲ್ಲಿ ಹಾಗಲ್ಲ. ಪ್ರತಿ ಸಲ 80% ಗೆಲ್ಲುವ ಎಲೆ ಇಟ್ಟುಕೊಂಡೇ ನೀವು ಆಲ್-ಇನ್ ಹೋಗುತ್ತೀರಿ ಅನ್ನೋಣ. ಐದು ಸಲವೂ ಉಳಿಯುವ ಸಂಭವ 0.8ರ ಐದನೇ ಘಾತ, ಅಂದರೆ ಸುಮಾರು 33%. ಪ್ರತಿ ಸಲ ಸರಿಯಾಗಿ ಆಡಿದವನೂ ಮೂರರಲ್ಲಿ ಎರಡು ಸಲ ಬರಿಗೈಯಲ್ಲಿ ಏಳುತ್ತಾನೆ! ಪ್ರಾಬಬಿಲಿಟಿ ಯೂನಿಟ್‌ನಲ್ಲಿ ಇಂಥ ಲೆಕ್ಕಕ್ಕೆ ನಾವು ಮಾರ್ಕ್ಸ್ ತಗೋತೀವಿ, ರಾತ್ರಿ ಹನ್ನೊಂದಕ್ಕೆ ಅದನ್ನೇ ಮರೀತೀವಿ.

ಸೋಲಿನ ಸಾಲಿನಲ್ಲಿ ನಿಜವಾಗಿ ಕೆಡುವುದು ತಲೆ. ಪೋಕರ್‌ನವರು ಇದಕ್ಕೆ ಟಿಲ್ಟ್ ಅಂತಾರೆ, ನಮ್ಮ ಕಡೆ "ತಲಿ ಕೆಟ್ಟೈತಿ" ಅಂತೀವಿ. ಇದು ಹೊಸ ಕಾಯಿಲೆಯೇನೂ ಅಲ್ಲ. ಕುಮಾರವ್ಯಾಸ ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನು. ಅವನ ಭಾರತದ ಸಭಾಪರ್ವದಲ್ಲಿ ಧರ್ಮರಾಯ ಆಡಿದ್ದೂ ನೋ-ಲಿಮಿಟ್ಟೇ. ಸೋತಷ್ಟೂ ಪಣ ದೊಡ್ಡದಾಯಿತು. ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಧರ್ಮದ ಬಗ್ಗೆ ಅಷ್ಟು ತಿಳಿದವನಿಗೇ ಸೋಲುವಾಗ ಎದ್ದು ಬರಲು ಆಗಲಿಲ್ಲ. ಆದರೆ ಆ ಕಥೆ ಓದುವಾಗ ನಮಗೆ ಧರ್ಮರಾಯನ ಮೇಲೆ ಮಾತ್ರ ಸಿಟ್ಟು ಬರುವುದಿಲ್ಲ. ಸುಮ್ಮನೆ ಕೂತು ನೋಡಿದ ಸಭೆಯ ಮೇಲೂ ಬರುತ್ತದೆ.

ನಮ್ಮ ರೂಮಿನಲ್ಲಿ ಆ ಸಭೆ ನಾವು. "ಇನ್ನೊಂದ ಕೈ, ಎಲ್ಲಾ ವಾಪಸ್ ತಗೋತೀನಿ" ಅಂತ ಅವನು ಅಂದಾಗ ನಾವು ನಕ್ಕೆವು. ಜೇಬಿನಲ್ಲಿದ್ದದ್ದು ಮುಗಿದಾಗ ಫೋನ್‌ಪೇಯಲ್ಲಿ ಸಾಲ ಕೊಟ್ಟೆವು. ಕೊಟ್ಟ ಸಾಲವನ್ನು ನಾವೇ ಗೆದ್ದೆವು, ಮರುದಿನ ಮತ್ತೆ ವಸೂಲೂ ಮಾಡಿದೆವು. ಗೆಳೆತನ ಅಂದುಕೊಂಡು ನಾವು ಮಾಡಿದ್ದು ಸಾಹುಕಾರಿಕೆ.

ಸರ್ಕಾರ ಇದಕ್ಕೆ ಲಿಮಿಟ್ ಹಾಕಲು ನೋಡಿಲ್ಲ ಅಂತಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ 2021ರಲ್ಲಿ ಕರ್ನಾಟಕ ತಂದ ನಿಷೇಧವನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದು ಮಾಡಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ ಎಂಬುದು ಅಲ್ಲಿನ ಮುಖ್ಯ ವಾದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಅಂತ ನೋಡದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಮಸೂದೆ ಪಾಸ್ ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ್ಯಪ್ ಬಂದಾದವು. ಆ್ಯಪ್‌ನಲ್ಲಿ ಆಡುತ್ತಿದ್ದ ಇಬ್ಬರು ನಮ್ಮ ರೂಮಿಗೇ ಬಂದರು. ಕಾನೂನು ಆ್ಯಪ್ ಮುಚ್ಚಿಸಬಹುದು. ರೂಮಿನಲ್ಲಿ, ರಾತ್ರಿ ಹನ್ನೊಂದಕ್ಕೆ, "ಸಾಕು, ಏಳಲೇ" ಅನ್ನುವವರು ಬೇರೆಯೇ ಇರಬೇಕು.

"ಇದು ಕೌಶಲದ ಆಟ, ತಲೆ ಚುರುಕಾಗ್ತದ, ದುಡ್ಡಿನ ಶಿಸ್ತು ಕಲಿಸ್ತದ" ಅಂತ ನಮ್ಮಲ್ಲೇ ಕೆಲವರು ವಾದ ಮಾಡ್ತಾರೆ. ಕೌಶಲ ಇದೆ, ಒಪ್ಪೋಣ. ಆದರೆ ಆ ಕೌಶಲ ಕಾಣುವುದು ಸಾವಿರಾರು ಕೈ ಆಡಿದ ಮೇಲೆ. ಅಲ್ಲಿಯವರೆಗೆ ಸೋಲಿನ ಸಾಲುಗಳನ್ನು ತಡೆದುಕೊಳ್ಳಲು ದುಡ್ಡು ಬೇಕು. ಅನುಭವಿಗಳು ಹೇಳುವ ರೂಢಿಯ ಲೆಕ್ಕವೇ ನೋಡಿ. ನೋ-ಲಿಮಿಟ್‌ಗೆ ಕಡಿಮೆಯೆಂದರೂ 20 ಬೈ-ಇನ್ ಪಕ್ಕಕ್ಕಿರಬೇಕು. ನಮ್ಮ ಬೈ-ಇನ್ 200 ರೂಪಾಯಿ, ಅಂದರೆ 4,000. ಅದೂ ಪೂರ್ತಿ ಹೋದರೂ ಮೆಸ್ ಬಿಲ್‌ಗೆ, ಫೀಗೆ, ಊರಿನ ಬಸ್ ಚಾರ್ಜಿಗೆ ಧಕ್ಕೆ ಆಗದಂಥ 4,000. ನಮ್ಮಲ್ಲಿ ಎಷ್ಟು ಜನರ ಹತ್ತಿರ ಅಂಥ ದುಡ್ಡಿದೆ? ನಮ್ಮ ಜೇಬಿನಲ್ಲಿರುವುದು ನಾವು ದುಡಿದದ್ದಲ್ಲ. ಶಿಸ್ತು ಕಲಿಯುವ ಫೀಯನ್ನು ಅಪ್ಪ ಕಟ್ಟುವುದಾದರೆ ಅದನ್ನು ಅಪ್ಪನಿಗೆ ಹೇಳಿ ಆಡಬೇಕು. ಹೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಸೋಲುತ್ತಿರುವವನು ತನ್ನ ಲಿಮಿಟ್ ತಾನೇ ಹಾಕಿಕೊಳ್ಳಲಿ ಅನ್ನುವುದು ಬರೀ ಮಾತು. ಆ ಹೊತ್ತಿಗೆ ಅವನ ತಲೆ ಅವನ ಕೈಯಲ್ಲಿರುವುದಿಲ್ಲ. ಲಿಮಿಟ್ ಆಟಕ್ಕೆ ಮೊದಲೇ ಇರಬೇಕು, ಅದನ್ನು ಕಾಯಬೇಕಾದವರು ಗೆಲ್ಲುತ್ತಿರುವವರು.

ಅವನ ದುಡ್ಡು ವಾಪಸ್ ಕೊಡಲು ಹೋದೆವು. ಮೊದಲು ಸಿಟ್ಟಾದ, "ನಾನೇನ್ ಭಿಕ್ಷಾ ಬೇಡೇನೇನು?" ಅಂದ. ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಮೂರನೇ ದಿನ ತಗೊಂಡ, ಪೂರ್ತಿ ಮನೆಗೆ ಕಳಿಸಿದ. ಮನೆಯಲ್ಲಿ ನಿಜ ಹೇಳಿದನೋ ಇಲ್ಲವೋ, ನಾವು ಕೇಳಿಲ್ಲ.

ಈಗಲೂ ಶನಿವಾರ ಆಡ್ತೀವಿ. ನೋ-ಲಿಮಿಟ್ಟೇ, ಆಲ್-ಇನ್ನೂ ಹೋಗ್ತೀವಿ, ಆದರೆ ಬರೀ ಹುಣಸೆ ಬೀಜಕ್ಕೆ. ಡಬ್ಬಿ ಖಾಲಿಯಾದವನು ಗಿರ್ಮಿಟ್ ತರಲು ಹೋಗ್ತಾನೆ. ಹೋದ ವಾರ ಅವನೇ ಗೆದ್ದ. ನಿಮ್ಮ ರೂಮಿನಲ್ಲೂ ಆಟ ನಡೀತಿದ್ದರೆ ಈ ವಾರ ನಿಮ್ಮ ಎಲೆ ಸ್ವಲ್ಪ ಕಡಿಮೆ ನೋಡಿ, ಪಕ್ಕದವನ ಮುಖ ಸ್ವಲ್ಪ ಜಾಸ್ತಿ ನೋಡಿ.