ಫೋಟೋದಲ್ಲಿ ನೀವೆಲ್ಲಿ?

ಸೋದರಿಯರೇ, ಮನೆಯ ಆಲ್ಬಮ್ಮನ್ನೋ, ಈಗ ಫೋನಿನಲ್ಲೇ ತುಂಬಿ ಕೂತಿರುವ ಪ್ರವಾಸದ ಫೋಟೋಗಳನ್ನೋ ಒಮ್ಮೆ ಬಿಡುವಾಗಿ ಕೂತು ನೋಡಿ. ಜೋಗದ ಮುಂದೆ ಮಕ್ಕಳಿದ್ದಾರೆ, ಯಜಮಾನರಿದ್ದಾರೆ, ಅತ್ತೆ ಮಾವ ಇದ್ದಾರೆ. ನೀವೆಲ್ಲಿ? "ತೆಗೆದವಳು ನಾನೇ ಅಲ್ವಾ" ಅಂತೀರಿ. ಸರಿಯೇ, ಆದರೆ ತೆಗೆದವರ ಮುಖ ಫೋಟೋದಲ್ಲಿ ಬರುವುದಿಲ್ಲವಲ್ಲ! ಹತ್ತು ವರ್ಷ ಕಳೆದ ಮೇಲೆ ಮಗಳು "ಅಮ್ಮಾ, ನೀನು ಬಂದಿರಲಿಲ್ವಾ?" ಅಂತ ಕೇಳಿದರೆ ಏನು ತೋರಿಸುತ್ತೀರಿ? ಸೆಲ್ಫಿ ಅಂತ ಕೈ ಚಾಚಿದರೆ ಹತ್ತಿರದ ಮುಖ ಕುಂಬಳಕಾಯಿಯಷ್ಟು, ಹಿಂದಿನ ಜಲಪಾತ ದಾರದ ಎಳೆಯಷ್ಟು. ದಾರಿಹೋಕರ ಕೈಗೆ ಫೋನು ಕೊಡಲು ಎಲ್ಲರಿಗೂ ಧೈರ್ಯ ಬರುವುದಿಲ್ಲ. ಕೊಟ್ಟರೂ ನಮ್ಮ ತಲೆಯೋ ಪಾದವೋ ಮಾಯ.

ಅದಕ್ಕೇ ಈ ಸಲ ಒಂದು ಪುಟ್ಟ ಸಾಮಾನಿನ ವಿಚಾರ. ಬಳುಕುವ ಕಾಲಿನ ಕ್ಯಾಮೆರಾ ಸ್ಟ್ಯಾಂಡ್, ಅಂದರೆ ಫ್ಲೆಕ್ಸಿಬಲ್ ಟ್ರೈಪಾಡ್.

ಸ್ಟುಡಿಯೋದವರು ಮದುವೆಮನೆಗೆ ಹೊತ್ತು ತರುವ ಉದ್ದ ಕಾಲಿನ ಸ್ಟ್ಯಾಂಡ್ ನಿಮಗೆ ಗೊತ್ತೇ ಇದೆ. ಬುತ್ತಿ, ನೀರಿನ ಬಾಟಲಿ, ಮಗುವಿನ ಬಟ್ಟೆಗಳ ಜೊತೆಗೆ ಅದನ್ನು ಹೊರುವವರು ಯಾರು? ಈ ಬಳುಕುವ ಸ್ಟ್ಯಾಂಡ್ ಗೇಣುದ್ದ ಇರುತ್ತದೆ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ. ಫೋನಿಗೆಂದೇ ಮಾಡಿದ್ದಾದರೆ ತೂಕ ಬಹುಮಟ್ಟಿಗೆ ಕಾಲು ಕೆಜಿಯೊಳಗೇ. ಇದರ ಕಾಲು ಮಣಿಸರದ ಹಾಗೆ. ಒಂದು ಗುಂಡು ಇನ್ನೊಂದರ ಬಟ್ಟಲಿನೊಳಗೆ ಬಿಗಿಯಾಗಿ ಕೂತಿರುತ್ತದೆ, ನಮ್ಮ ಭುಜದ ಕೀಲಿನಂತೆ. ಎತ್ತ ತಿರುಗಿಸಿದರೂ ತಿರುಗಿಸಿದಲ್ಲೇ ನಿಲ್ಲುತ್ತದೆ. ಜಾರದಿರಲೆಂದು ಸುತ್ತ ರಬ್ಬರ್ ಉಂಗುರ. ಬೇಲಿಯ ಕಂಬಿಗೋ, ಮರದ ಕೊಂಬೆಗೋ, ಕುರ್ಚಿಯ ಬೆನ್ನಿಗೋ ಬಳ್ಳಿಯಂತೆ ಸುತ್ತಿದರಾಯಿತು. 2006ರಲ್ಲಿ ಅಮೆರಿಕದ ಜೋಬಿ ಎಂಬ ಕಂಪನಿ ಇದನ್ನು 'ಗೊರಿಲ್ಲಾಪಾಡ್' ಎಂಬ ಹೆಸರಿನಲ್ಲಿ ಪೇಟೆಗೆ ತಂದಿತು. ಆಮೇಲೆ ಅದೇ ಅಚ್ಚಿನವು ಬೇಕಾದಷ್ಟು ಬಂದಿವೆ, ನೂರಿನ್ನೂರು ರೂಪಾಯಿಯವೂ ಇವೆ, ಸಾವಿರಗಟ್ಟಲೆಯವೂ ಇವೆ.

ಕೊಳ್ಳುವ ಮುಂಚೆ ನಿಮ್ಮ ಫೋನನ್ನು ಅಡುಗೆಮನೆಯ ತಕ್ಕಡಿಯಲ್ಲಿ ಕವರ್ ಸಮೇತ ತೂಗಿಬಿಡಿ. ಸಾಮಾನ್ಯವಾಗಿ 200ರಿಂದ 250 ಗ್ರಾಂ ಬರುತ್ತದೆ. ಮನೆಯಲ್ಲಿ ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದರೆ ಅದು ಅರ್ಧ ಕೆಜಿ ದಾಟೀತು. ಸ್ಟ್ಯಾಂಡಿನ ಡಬ್ಬಿಯ ಮೇಲೆ ಎಷ್ಟು ಭಾರ ತಾಳುತ್ತದೆಂದು ಬರೆದಿರುತ್ತದೆ. ಗೊರಿಲ್ಲಾಪಾಡಿನಲ್ಲಂತೂ 1ಕೆ, 3ಕೆ, 5ಕೆ ಅಂತ ಹೆಸರಲ್ಲೇ ಕೆಜಿ ಲೆಕ್ಕ ಇದೆ. ನನ್ನ ಸಲಹೆ ಕೇಳುವುದಾದರೆ, ನಿಮ್ಮ ಫೋನಿನ ಇಲ್ಲವೇ ಕ್ಯಾಮೆರಾದ ಎರಡರಷ್ಟು ಭಾರ ತಾಳುವಂಥದ್ದನ್ನೇ ಕೊಳ್ಳಿ. ಯಾಕೆ ಅಂತೀರಾ? ನೆಟ್ಟಗೆ ಇಟ್ಟಾಗ ತಡೆದ ಕಾಲು, ಫೋನನ್ನು ಮುಂದಕ್ಕೆ ಬಾಗಿಸಿದಾಗ ಭಾರ ಒಂದೇ ಕಡೆಗೆ ಬಿದ್ದು ಮೆಲ್ಲಗೆ ಕುಸಿಯುತ್ತದೆ. ನೀವು ಹೋಗಿ ನಿಂತು ನಗುವಷ್ಟರಲ್ಲಿ ಅದು ನೆಲ ನೋಡುತ್ತಿರುತ್ತದೆ.

ತೀರಾ ಅಗ್ಗದ್ದರಲ್ಲಿ ಒಂದು ಮೋಸವಿದೆ. ಹೊರಗೆ ಬಣ್ಣಬಣ್ಣದ ಸ್ಪಂಜು, ಒಳಗೆ ಬರೀ ತಂತಿ! ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕೆ? ಕೆಲವು ಪ್ರವಾಸಗಳಲ್ಲೇ ಒಳಗೆ ಮುರಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಗುಂಡು-ಬಟ್ಟಲಿನ ಕೀಲು ಇರುವುದು ಕಳಚಿಕೊಂಡರೂ ಮತ್ತೆ ಒತ್ತಿ ಕೂರಿಸಬಹುದು. ಅಂಗಡಿಯಲ್ಲೇ ಕುರ್ಚಿಯ ಕೈಗೆ ಸುತ್ತಿ, ನಿಮ್ಮದೇ ಫೋನು ಸಿಕ್ಕಿಸಿ, ಕೆಳಗೆ ಕೈ ಒಡ್ಡಿಕೊಂಡು ಐದು ನಿಮಿಷ ನೋಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ, ದುಡ್ಡು ನಿಮ್ಮದು. ಫೋನು ಹಿಡಿಯುವ ಕ್ಲಿಪ್ಪಿನ ಸ್ಪ್ರಿಂಗು ಬಿಗಿಯಾಗಿರಬೇಕು, ಕವರ್ ಹಾಕಿದ ಫೋನೂ ಅದರಲ್ಲಿ ಹಿಡಿಸಬೇಕು. ಕ್ಲಿಪ್ಪು ತಿರುಚಿ ತೆಗೆಯಲು ಬರುವಂತಿದ್ದು, ಅಡಿಯಲ್ಲಿ ಕಾಲು ಇಂಚಿನ ಸ್ಕ್ರೂ ಇದ್ದರೆ ಇನ್ನೂ ಒಳ್ಳೆಯದು. ಸಾಮಾನ್ಯ ಕ್ಯಾಮೆರಾಗಳಿಗೆಲ್ಲ ಅದೇ ಅಳತೆ, ನಾಳೆ ಮಗ ಕ್ಯಾಮೆರಾ ಕೊಂಡರೂ ಸ್ಟ್ಯಾಂಡ್ ಇದೇ ಸಾಕು.

ಇದಕ್ಕೆ ಎತ್ತರ ಇಲ್ಲವೆಂಬುದನ್ನು ಮರೆಯಬೇಡಿ. ಬಯಲಲ್ಲಿ ನೆಲದ ಮೇಲಿಟ್ಟರೆ ಎಲ್ಲರ ಗದ್ದ, ಮೂಗಿನ ಹೊಳ್ಳೆ ಮಾತ್ರ ಚೆನ್ನಾಗಿ ಬರುತ್ತದೆ! ಎದೆಯೆತ್ತರಕ್ಕೆ ಸುತ್ತಲು ಏನಾದರೂ ಆಸರೆ ಬೇಕು. ಹಾಗಂತ ಪ್ರಪಾತದಂಚಿನ ಕಂಬಿಯ ಆಚೆ ಬಗ್ಗಿ ಕಟ್ಟುವುದು, ಓಡುವ ಬಸ್ಸಿನ ಕಿಟಕಿಗೆ ಸುತ್ತುವುದು ಖಂಡಿತ ಬೇಡ. ಸಮುದ್ರದ ಮರಳು ಕೀಲಿನೊಳಗೆ ಹೋದರೆ ಕರಕರ ಅನ್ನುತ್ತದೆ. ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಇನ್ನೊಂದು ಮಾತು. ಹಂಪಿ, ಬಾದಾಮಿ, ಪಟ್ಟದಕಲ್ಲು, ಹಳೇಬೀಡಿನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಟ್ಟು ಫೋಟೋ ತೆಗೆಯಲು ಮೊದಲೇ ಅನುಮತಿ ಬೇಕು. ಗೇಣುದ್ದದ್ದಾದರೂ ಕಾವಲುಗಾರನ ಕಣ್ಣಿಗೆ ಅದು ಟ್ರೈಪಾಡೇ. ಅವನೊಡನೆ ವಾದ ಬೇಡ, ಕೆತ್ತನೆಯ ಕಂಬಕ್ಕಂತೂ ಸುತ್ತಲೇಬೇಡಿ. ಅಂಥ ಕಡೆ ಕೈಯಲ್ಲೇ ತೆಗೆದು, ಹೊರಗೆ ಬಂದು ಮರದ ನೆರಳಲ್ಲಿ ಊಟಕ್ಕೆ ಕೂತಾಗ ಸ್ಟ್ಯಾಂಡ್ ತೆಗೆಯಿರಿ. ನನ್ನನ್ನು ಕೇಳಿದರೆ ಬುತ್ತಿ ಬಿಚ್ಚಿದ ಫೋಟೋವೇ ಹೆಚ್ಚು ಚೆಂದ. ಕತ್ತಲಾದ ಮೇಲೆ ಇದರ ಉಪಯೋಗ ಇನ್ನೂ ಹೆಚ್ಚು. ಮೈಸೂರು ಅರಮನೆಯ ದೀಪಾಲಂಕಾರದಂಥದ್ದನ್ನು ರಾತ್ರಿ ತೆಗೆಯುವಾಗ ಫೋನು ಬೆಳಕು ಹೀರಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಕೈ ಅಲುಗಿದರೆ ದೀಪಗಳೆಲ್ಲ ಕಲಸಿಹೋಗುತ್ತವೆ. ಸ್ಟ್ಯಾಂಡ್ ಅಲುಗುವುದಿಲ್ಲ.

ಪ್ರವಾಸ ಮುಗಿಯಿತೆಂದು ಅಟ್ಟಕ್ಕೆ ಹಾಕಬೇಡಿ. ಪರದೇಶದಲ್ಲಿರುವ ಮಗಳಿಗೆ ವಿಡಿಯೋ ಕರೆಯಲ್ಲಿ ಹೋಳಿಗೆ ತಟ್ಟುವುದನ್ನು ತೋರಿಸಬೇಕಾದರೆ ಎರಡೂ ಕೈ ಬಿಡುವಾಗಿರಬೇಕಲ್ಲ! ಒಲೆಯ ಮೇಲೆ ಮಾತ್ರ ತೂಗುಹಾಕಬೇಡಿ, ಆವಿ ತಗುಲುತ್ತದೆ.

ತೆಗೆಯುವಾಗ ಹೀಗೆ ಮಾಡಿ. ಎಲ್ಲರನ್ನೂ ನಿಲ್ಲಿಸಿ, ನಿಮ್ಮ ಜಾಗದಲ್ಲಿ ಒಂದು ಬ್ಯಾಗ್ ಇಟ್ಟು ಚೌಕಟ್ಟು ಸರಿನೋಡಿ. ಆ ಜಾಗ ಸಾಲಿನ ತುದಿಯಲ್ಲಿ ಬೇಡ, ನಡುವೆ ಇರಲಿ. ಕ್ಯಾಮೆರಾದಲ್ಲಿ ಟೈಮರ್ ಇರುತ್ತದೆ, 3 ಸೆಕೆಂಡಿನದು ಸಾಲದು, 10 ಸೆಕೆಂಡಿನದು ಇಟ್ಟುಕೊಳ್ಳಿ. ಗುಂಡಿ ಒತ್ತಿ ನಡೆದೇ ಹೋಗಿ, ಓಡಬೇಡಿ. ಬ್ಯಾಗ್ ಪಕ್ಕಕ್ಕೆ ಸರಿಸಿ ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಇರುತ್ತದೆ.