ಗೇಟಿನ ಹೊರಗಿನ ಓದುಗರು

2020ರ ಕೊನೆಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊಸ ವಿಜ್ಞಾನ ನೀತಿಯ ಕರಡೊಂದನ್ನು ಹೊರತಂದಿತು. ಸರ್ಕಾರಿ ಕರಡುಗಳಲ್ಲಿ ಅಪರೂಪಕ್ಕೆ ಸಿಗುವಂಥ ಒಂದು ಒಳ್ಳೆಯ ಮಾತು ಅದರಲ್ಲಿತ್ತು. ದೇಶ ವಿದೇಶಗಳ ಸಂಶೋಧನಾ ಪತ್ರಿಕೆಗಳಿಗೆ ಸರ್ಕಾರವೇ ಒಟ್ಟಾಗಿ ಚೌಕಾಸಿ ಮಾಡಿ ಹಣ ಕಟ್ಟುತ್ತದೆ, ಪ್ರತಿಯೊಬ್ಬ ಭಾರತೀಯನೂ ಅವನ್ನು ಬಿಟ್ಟಿಯಾಗಿ ಓದಬಹುದು ಎಂಬುದು ಅದರ ಸಾರ. ಪ್ರತಿಯೊಬ್ಬ ಭಾರತೀಯ ಎಂಬ ಆ ಪದದ ಮೇಲೆ ಅಂದು ಅನೇಕರು ಆಸೆ ಇಟ್ಟರು.

2024ರ ನವೆಂಬರಿನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಾಗ ಯೋಜನೆಯ ಹೆಸರು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್’. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರಹತ್ತಿರ 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಓದುವ ಅವಕಾಶ ಸುಮಾರು 1.8 ಕೋಟಿ ಜನಕ್ಕೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಮತ್ತು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳ ಗೇಟಿನ ಒಳಗಿರುವವರು ಇವರು. ನಾಲ್ಕು ವರ್ಷದಲ್ಲಿ ‘ಪ್ರತಿಯೊಬ್ಬ ಭಾರತೀಯ’ ಸೊರಗಿ ಇಷ್ಟಾದ. ದೇಶದ ಕಾಲೇಜುಗಳಲ್ಲಿ ಮುಕ್ಕಾಲು ಪಾಲು ಖಾಸಗಿಯವು, ಅವೂ ಸದ್ಯಕ್ಕೆ ಹೊರಗೆ. ಮುಂದಿನ ಹಂತದಲ್ಲಿ ಖಾಸಗಿ ಕಾಲೇಜುಗಳಿಗೆ, ಕಟ್ಟಕಡೆಗೆ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಉಳಿದವರಿಗೆ ಎಂಬ ಮಾತಿದೆ. ಹಣ ಕೊಟ್ಟವನನ್ನು ಪಂಕ್ತಿಯ ಕೊನೆಗೆ ಕೂರಿಸುವ ಊಟ ಇದು.

ಯೋಜನೆ ತಂದಿರುವ ಲಾಭ ಸಣ್ಣದಲ್ಲ. ರಾಯಚೂರಿನ ಸರ್ಕಾರಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಬೆಂಗಳೂರಿನ ದೊಡ್ಡ ಸಂಸ್ಥೆಯವರು ಓದುವ ಪತ್ರಿಕೆಗಳನ್ನೇ ಓದುವಂತಾಗುವುದು ಎಷ್ಟೋ ದಶಕಗಳ ಅಸಮಾನತೆಗೆ ಸಿಕ್ಕ ಉತ್ತರ. ತಕರಾರು ಇರುವುದು ಆರು ಸಾವಿರ ಕೋಟಿ ಕೊಡುವಾಗಲೂ ಸರ್ಕಾರ ಕೇಳದೇ ಬಿಟ್ಟದ್ದರ ಬಗ್ಗೆ.

ಈ ವ್ಯಾಪಾರದ ರೀತಿಯೇ ವಿಚಿತ್ರ. ಸಂಶೋಧನೆಗೆ ಹಣ ಬಹುಪಾಲು ಸರ್ಕಾರದ್ದು. ಪ್ರಬಂಧ ಬರೆದ ವಿದ್ವಾಂಸನಿಗೆ ಪ್ರಕಾಶಕ ಬಿಡಿಗಾಸು ಕೊಡುವುದಿಲ್ಲ. ಅದನ್ನು ಓದಿ ತಪ್ಪು ಹಿಡಿದು ತಿದ್ದಿಸುವ ಇನ್ನೊಬ್ಬ ವಿದ್ವಾಂಸನಿಗೂ ಸಾಮಾನ್ಯವಾಗಿ ಏನೂ ಇಲ್ಲ. ಸಹಿ ಹಾಕಿ ಹಕ್ಕು ಬಿಟ್ಟುಕೊಟ್ಟ ಮೇಲೆ ಅದೇ ಪ್ರಬಂಧವನ್ನು ಅದೇ ಸರ್ಕಾರದ ವಿಶ್ವವಿದ್ಯಾಲಯಕ್ಕೆ ಮಾರಲಾಗುತ್ತದೆ. ಹೊರಗಿನವರು ಒಂದೇ ಒಂದು ಪ್ರಬಂಧ ಓದಬೇಕೆಂದರೆ ಸಾಮಾನ್ಯವಾಗಿ 30ರಿಂದ 40 ಡಾಲರ್. ಈ ಕ್ಷೇತ್ರದ ಅತಿ ದೊಡ್ಡ ಕಂಪನಿಯ ಲಾಭ ಅದರ ಆದಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಸಂಪಾದನೆ, ಮುದ್ರಣ, ಸರ್ವರ್ ಎಲ್ಲಕ್ಕೂ ಖರ್ಚಿದೆ ಎಂಬ ಪ್ರಕಾಶಕರ ಮಾತು ನಿಜವೇ. ಆದರೆ ಆ ಖರ್ಚನ್ನೆಲ್ಲ ಕಳೆದ ಮೇಲೆ ಉಳಿಯುವ ಲಾಭ ಇದು.

ವಿದೇಶಿ ಪತ್ರಿಕೆಗಳ ಕಥೆ ಹಾಗಿರಲಿ. ಭಾರತದ ಸಮಾಜವಿಜ್ಞಾನದ ಹೆಸರಾಂತ ಪತ್ರಿಕೆಗಳಾದ ‘ಕಾಂಟ್ರಿಬ್ಯೂಶನ್ಸ್ ಟು ಇಂಡಿಯನ್ ಸೋಷಿಯಾಲಜಿ’, ‘ಇಂಡಿಯನ್ ಎಕನಾಮಿಕ್ ಆ್ಯಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ’ ಎರಡೂ ಸಂಪಾದನೆಗೊಳ್ಳುವುದು ದೆಹಲಿಯಲ್ಲಿ, ಮಾರಾಟವಾಗುವುದು ಸೇಜ್ ಪ್ರಕಾಶನದ ಬೀಗದೊಳಗಿಂದ. ಇಲ್ಲಿನ ಹಳ್ಳಿಯ ಜಾತಿ, ಜಮೀನು, ಮದುವೆಗಳ ಬಗ್ಗೆ ಬರೆದದ್ದನ್ನು ಆ ಹಳ್ಳಿಯಲ್ಲಿ ಹುಟ್ಟಿದವನು ಡಾಲರ್ ಕೊಟ್ಟು ಓದಬೇಕು. ತಮಾಷೆಯೆಂದರೆ ಪಿಎಚ್‌ಡಿ ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ ಯಾರು ಬೇಕಾದರೂ ಓದಬಹುದು. ಧಾರವಾಡದಲ್ಲೋ ಮೈಸೂರಿನಲ್ಲೋ ಒಬ್ಬರು ಐದು ವರ್ಷ ದುಡಿದು ಬರೆದ ಮುನ್ನೂರು ಪುಟ ಬಿಟ್ಟಿ. ಅದರ ಒಂದು ಅಧ್ಯಾಯವನ್ನು ಹಿಂಡಿ, ಸೋಸಿ, ಪರಿಣತರ ಕಣ್ಣಿಗೆ ಹಾಯಿಸಿ ಮಾಡಿದ ಇಪ್ಪತ್ತು ಪುಟಕ್ಕೆ ಮಾತ್ರ ಬೀಗ. ಓದುಗನಿಗೆ ಸಿಗುವುದು ಕಚ್ಚಾ ಮಾಲು.

ಇದಕ್ಕೆ ಬರುವ ಸಿದ್ಧ ಉತ್ತರವೊಂದಿದೆ. ಸಾಮಾನ್ಯ ಜನ ಸಂಶೋಧನಾ ಪ್ರಬಂಧ ಯಾಕೆ ಓದುತ್ತಾರೆ, ಓದಿದರೂ ಅರ್ಥವಾದೀತೇ? ಈ ಪ್ರಶ್ನೆಯನ್ನು ಕನ್ನಡದವರ ಮುಂದೆ ಎತ್ತುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಅಸಹಕಾರ ಚಳವಳಿಗಾಗಿ ಕಾಲೇಜು ಬಿಟ್ಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಅವರ ಯಕ್ಷಗಾನ ಸಂಶೋಧನೆಗೂ ಯಾವ ವಿಶ್ವವಿದ್ಯಾಲಯದ ಹುದ್ದೆಯ ಆಸರೆ ಇರಲಿಲ್ಲ. ಶಂಬಾ ಜೋಶಿ ಧಾರವಾಡದ ಶಾಲಾ ಮಾಸ್ತರರು. ಇವರ ತೀರ್ಮಾನಗಳನ್ನೆಲ್ಲ ಒಪ್ಪಬೇಕಿಲ್ಲ, ಶಂಬಾ ಅವರ ಎಷ್ಟೋ ಪದ ನಿಷ್ಪತ್ತಿಗಳಿಗೆ ಇಂದಿನ ಭಾಷಾವಿಜ್ಞಾನಿ ತಲೆ ಅಲ್ಲಾಡಿಸಿಯಾನು. ಆದರೂ ಕನ್ನಡದ ತಿಳಿವಳಿಕೆಯ ದೊಡ್ಡ ಭಾಗ ಬೆಳೆದದ್ದು ಇಂಥವರು ಪುಸ್ತಕ ಹುಡುಕಿ, ಎರವಲು ತಂದು, ಓದಿ ಬರೆದದ್ದರಿಂದಲೇ. ಅಂಚೆಯಲ್ಲಿ ಪುಸ್ತಕ ತರಿಸಿಕೊಳ್ಳಬಹುದಾಗಿದ್ದ ಕಾಲದವರು ಅವರು. ಇಂದಿನ ಕಾರಂತರಿಗೆ ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಎದುರಾಗುತ್ತದೆ.

ಬೀಗದ ಹೊರಗೆ ಬಿಟ್ಟಿ ಸಿಗುವುದು ಸಾರಾಂಶ ಮಾತ್ರ. ಕನ್ನಡದಲ್ಲಿ ವಿಜ್ಞಾನ, ಆರೋಗ್ಯ, ಶಿಕ್ಷಣದ ಬಗ್ಗೆ ಬರೆಯುವವರು, ಅನುವಾದಿಸುವವರು ಬಹುತೇಕ ಯಾವ ಸಂಸ್ಥೆಗೂ ಸೇರದವರು. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೇರೆ ಕೆಲಸದ ನಡುವೆ ಬರೆಯುವವರು. ಅವರ ಕೈಗೆ ಬರುವುದು ಇನ್ನೂರೈವತ್ತು ಪದದ ಆ ಸಾರಾಂಶ ಮತ್ತು ವಿಶ್ವವಿದ್ಯಾಲಯದ ಪ್ರಚಾರ ವಿಭಾಗದ ಹೊಗಳಿಕೆಯ ಹೇಳಿಕೆ. ಇದರಿಂದಾಗುವ ಅನಾಹುತವನ್ನು ನೋಡಲು ‘ಸಿಗ್ನಿಫಿಕೆಂಟ್’ ಎಂಬ ಒಂದು ಪದ ಸಾಕು. ಸಂಶೋಧನೆಯಲ್ಲಿ ಅದಕ್ಕಿರುವ ಅರ್ಥ ಬಹಳ ಇಕ್ಕಟ್ಟಿನದು: ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕದಿಂದ ಕಾಣುವ ಸಂಭವ ಕಡಿಮೆ ಎಂದಷ್ಟೇ. ವ್ಯತ್ಯಾಸ ದೊಡ್ಡದೋ ಚಿಕ್ಕದೋ ಎಂಬುದನ್ನು ಆ ಪದ ಹೇಳುವುದಿಲ್ಲ, ತೀರಾ ಜುಜುಬಿ ವ್ಯತ್ಯಾಸವೂ ಸಾವಿರಾರು ಜನರನ್ನು ಅಳೆದಾಗ ‘ಸಿಗ್ನಿಫಿಕೆಂಟ್’ ಆಗಿಬಿಡುತ್ತದೆ. ಕನ್ನಡಕ್ಕೆ ಬರುವಾಗ ಅದು ‘ಗಮನಾರ್ಹ’ ಆಗುತ್ತದೆ, ಮರುದಿನದ ಶೀರ್ಷಿಕೆಯಲ್ಲಿ ‘ಭಾರಿ’ ಆಗುತ್ತದೆ. ಎಷ್ಟು ಜನರ ಮೇಲೆ ಪರೀಕ್ಷೆ ನಡೆಯಿತು, ಯಾರನ್ನು ಕೈಬಿಟ್ಟರು, ವ್ಯತ್ಯಾಸ ಎಷ್ಟು, ಸಂಶೋಧಕರೇ ಒಪ್ಪಿಕೊಂಡ ಮಿತಿಗಳೇನು, ಇವೆಲ್ಲ ಇರುವುದು ಬೀಗದ ಹಿಂದಿನ ಕೋಷ್ಟಕಗಳಲ್ಲಿ. ಅನುವಾದಕನ ಕಣ್ಣು ಕಟ್ಟಿ, ಆಮೇಲೆ ಕನ್ನಡದಲ್ಲಿ ವೈಜ್ಞಾನಿಕ ಬರಹ ಸೊರಗಿದೆ ಎಂದು ವಿಚಾರ ಸಂಕಿರಣ ನಡೆಸುವುದು ವಾಡಿಕೆಯಾಗಿದೆ.

ಶಿಕ್ಷಣದ ವಿಷಯದಲ್ಲಿ ಇದು ಇನ್ನಷ್ಟು ಕಾಣುತ್ತದೆ. ಶಿಕ್ಷಣ ಮಾಧ್ಯಮದ ಚರ್ಚೆ ಎದ್ದಾಗಲೆಲ್ಲ, 2014ರ ಸುಪ್ರೀಂ ಕೋರ್ಟ್ ತೀರ್ಪಿನ ಹೊತ್ತಿಗೂ ಆಮೇಲೂ, ಮಾತೃಭಾಷೆಯಲ್ಲಿ ಕಲಿತರೆ ಒಳ್ಳೆಯದೆಂದು ‘ಸಂಶೋಧನೆಗಳು ಹೇಳುತ್ತವೆ’ ಎಂದು ಒಂದು ಕಡೆಯವರು, ಇಲ್ಲ ಎಂದು ಇನ್ನೊಂದು ಕಡೆಯವರು. ಯಾವ ಸಂಶೋಧನೆ, ಎಲ್ಲಿಯ ಮಕ್ಕಳು, ಎಷ್ಟನೇ ತರಗತಿ ಎಂದು ಕೇಳಿದರೆ ಇಬ್ಬರೂ ತಡವರಿಸುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ ಮಗು ಬೆಳೆಸುತ್ತಿರುವ ಹೊರನಾಡ ಕನ್ನಡಿಗರಿಗೆ ಈ ಪ್ರಶ್ನೆ ಮಾತಿನ ಚಪಲವಲ್ಲ. ಬಹುಭಾಷಾ ಮಕ್ಕಳ ಕಲಿಕೆಯ ಬಗ್ಗೆ ರಾಶಿ ಸಂಶೋಧನೆ ನಡೆದಿದೆ. ಅದನ್ನು ಓದಿ ಮಗುವಿನ ಶಾಲೆಯ ಬಗ್ಗೆ ತೀರ್ಮಾನ ಮಾಡಬೇಕಾದ ತಾಯಿಗೂ, ಪಾಠ ಮಾಡುವ ಟೀಚರಿಗೂ ಅದರ ಬಹುಪಾಲು ಎಟುಕುವುದಿಲ್ಲ.

ಇರುವ ಕಳ್ಳದಾರಿಯ ಹೆಸರು ಸೈ-ಹಬ್. 2020ರ ಡಿಸೆಂಬರಿನಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಅದರ ಮೇಲೆ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟಿನಲ್ಲಿ ಕೋರ್ಟು ಅದನ್ನು ಭಾರತದಲ್ಲಿ ಮುಚ್ಚಲು ಹೇಳಿತು. ಕೊಟ್ಟ ಮಾತನ್ನು ಮುರಿದದ್ದಕ್ಕೆ ಆ ತಾಣ ತೆತ್ತ ಬೆಲೆ ಅದು, ಅದರ ಪರವಾಗಿ ಕಣ್ಣೀರು ಹಾಕಬೇಕಿಲ್ಲ. ಆದರೆ ಕಳ್ಳದಾರಿ ಮುಚ್ಚಿದ ಮೇಲೆ ರಾಜಮಾರ್ಗ ಎಲ್ಲಿದೆ ಎಂದು ಕೇಳುವ ಹಕ್ಕು ಓದುಗರಿಗಿದೆ. ಇದೇ ಹೈಕೋರ್ಟು 2016ರಲ್ಲಿ ಬೇರೆ ದನಿಯಲ್ಲಿ ಮಾತಾಡಿತ್ತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಹೂಡಿದ್ದ ಮೊಕದ್ದಮೆಯಲ್ಲಿ, ಪಾಠಕ್ಕಾಗಿ ಪುಟಗಳನ್ನು ಜೆರಾಕ್ಸ್ ಮಾಡುವುದು ತಪ್ಪಲ್ಲ, ಕೃತಿಸ್ವಾಮ್ಯ ದೇವರು ಕೊಟ್ಟ ಹಕ್ಕೇನಲ್ಲ ಎಂದಿತು. ಪ್ರಕಾಶಕರು ಮರುವರ್ಷ ಮೊಕದ್ದಮೆಯನ್ನೇ ಹಿಂತೆಗೆದುಕೊಂಡರು. ಆ ರಕ್ಷಣೆ ಕೂಡ ಮೇಷ್ಟ್ರು ಮತ್ತು ವಿದ್ಯಾರ್ಥಿಗೆ ಮಾತ್ರ, ತರಗತಿಯ ಹೊರಗೆ ಓದುವವನು ಅಲ್ಲಿಯೂ ಹೊರಗಿನವನೇ.

ಬೀಗ ತೆಗೆದರೆ ಗುಣಮಟ್ಟ ಬೀಳುತ್ತದೆ ಎಂಬ ಭಯಕ್ಕೆ ಬೆಂಗಳೂರಿನಲ್ಲೇ ಉತ್ತರವಿದೆ. 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’ ಮತ್ತು ಭಾರತೀಯ ವಿಜ್ಞಾನ ಅಕಾಡೆಮಿಯ ‘ರೆಸೊನೆನ್ಸ್’ ಎರಡನ್ನೂ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಬೀಗ ಹಾಕಿಕೊಂಡ ಪ್ರಕಾಶಕರ ಜೊತೆಗೂ ಒಪ್ಪಂದ ಸಾಧ್ಯ. ಬ್ರಿಟನ್ನಿನಲ್ಲಿ 2014ರಿಂದ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ನಡೆದು ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಸಂಶೋಧನಾ ಪತ್ರಿಕೆಗಳನ್ನು ಓದಬಹುದು, ಪ್ರಕಾಶಕರೇ ಒಪ್ಪಿ ಮಾಡಿದ ಏರ್ಪಾಡು ಅದು. ಭಾರತದಲ್ಲಿ 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ತಾವು ಹೊರತಂದ ಪ್ರತಿ ಪುಸ್ತಕದ ಪ್ರತಿಗಳನ್ನು ನಾಲ್ಕು ಗ್ರಂಥಾಲಯಗಳಿಗೆ ಕೊಡಬೇಕು. ಅವು ಕೋಲ್ಕತ್ತ, ಚೆನ್ನೈ, ಮುಂಬೈ ಮತ್ತು ದೆಹಲಿಯಲ್ಲಿವೆ. ಚೆನ್ನೈಯ ಕನ್ನೆಮಾರದ ಓದುವ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಈ 13,000 ಪತ್ರಿಕೆಗಳನ್ನು ತೆರೆಯಲು ಹೊಸ ಕಟ್ಟಡ ಬೇಕಿಲ್ಲ. ಕರ್ನಾಟಕದಲ್ಲಂತೂ ಜನ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದಾರೆ. ಹೊಸಪೇಟೆಯ ನಗರ ಗ್ರಂಥಾಲಯದಲ್ಲಿ ದಿನಪತ್ರಿಕೆ ಓದುವ ಮೇಜಿನ ಪಕ್ಕ ಅಂಥದೊಂದು ಪರದೆ ಇರಲು ಅಡ್ಡಿಯೇನು?

ಈಗಿನ ಒಪ್ಪಂದದ ಅವಧಿ 2027ರ ಡಿಸೆಂಬರಿಗೆ ಮುಗಿಯುತ್ತದೆ. ಮೂವತ್ತೂ ಪ್ರಕಾಶಕರು ಮತ್ತೆ ಮೇಜಿನ ಮುಂದೆ ಕೂರುತ್ತಾರೆ, ಮತ್ತೆ ಸಾವಿರಾರು ಕೋಟಿಯ ಲೆಕ್ಕ ನಡೆಯುತ್ತದೆ. ಇಷ್ಟು ದೊಡ್ಡ ಗಿರಾಕಿ ಪ್ರಪಂಚದಲ್ಲಿ ಹೆಚ್ಚಿಲ್ಲ. ಸಾರ್ವಜನಿಕ ಗ್ರಂಥಾಲಯಕ್ಕೆ ಬರುವ ಯಾರೇ ಆದರೂ ಓದಬಹುದು ಎಂಬ ಒಂದು ಷರತ್ತನ್ನು ಅಂದು ಮೊದಲ ಪುಟದಲ್ಲೇ ಬರೆಸಬೇಕು, ಅದಕ್ಕೆ ಒಪ್ಪದ ಪ್ರಕಾಶಕನಿಗೆ ಚೆಕ್ ಬರೆಯಬಾರದು.